ಒಂದೇ ಮಗ್ಗುಲಿಗೆ ಬರೆದ ಹಾಳೆಗಳು

ಮೊನ್ನೆ ಡ್ರಾಯರಿನಲ್ಲಿ ಒಂದು ಹಳೆಯ ಪೆನ್ಸಿಲ್ ಸಿಕ್ಕಿತು. ಹೆರೆದೆ. ಮರದ ಆ ಸಿಹಿವಾಸನೆ ಮೂಗಿಗೆ ಬಡಿದದ್ದೇ ತಡ, ಆಸ್ಟಿನ್ನಿನ ಆಂಟಿ ಕಣ್ಣೆದುರು ಬಂದು ನಿಂತರು... ಅವರ ನೆನಪಾದರೆ ನನಗೆ ಈಗಲೂ ತಲೆ ಎತ್ತಲಾಗುವುದಿಲ್ಲ.

ಮೂಲ ಧಾರವಾಡದವರು, ಅಮೆರಿಕದ ಆ ಊರಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟು. ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಕೆಲಸ. ಆಗ ಅಲ್ಲಿಗೆ ಒಬ್ಬ ಬ್ರಿಟಿಷ್ ಕಾದಂಬರಿಕಾರನ ಕಾಗದಪತ್ರಗಳು ಬಂದಿದ್ದವು. ಆತ ಚಿತ್ರಕಾರನೂ ಹೌದು. ಹಸ್ತಪ್ರತಿಗಳು, ಜಲವರ್ಣಗಳು, ಅರ್ಧಕ್ಕೇ ನಿಂತ ಪತ್ರಗಳು, ಕೊನೆಗೆ ಹಾಲಿನವನ ಚೀಟಿ ಕೂಡ! ಒಂದೊಂದಕ್ಕೂ ಫೋಲ್ಡರು, ಅದರ ಮೂಲೆಯಲ್ಲಿ ಆಂಟಿ ಪೆನ್ಸಿಲಿನಿಂದ ಬರೆದ ಸಂಖ್ಯೆ. ಹಳೆಯ ಕಾಗದಕ್ಕೆ ಮಸಿ ತಾಗೀತೆಂದು ಪೆನ್ನಿಗೆ ಆ ಕೋಣೆಯೊಳಗೆ ಪ್ರವೇಶವಿರಲಿಲ್ಲ. ದುಡಿಯಲು ಬಿಡದ ವೀಸಾದ ದೆಸೆಯಿಂದ ಮನೆಯಲ್ಲೇ ಕೂತಿದ್ದ ನನ್ನನ್ನೂ ಕೆಲವು ತಿಂಗಳು ಬಿಟ್ಟಿ ಸಹಾಯಕ್ಕೆ ಕರೆದೊಯ್ದಿದ್ದರು.

ಸಂಜೆ ಮನೆಯಲ್ಲಿ ಆಂಟಿ ತಮ್ಮ ಕಾದಂಬರಿ ಬರೆಯುತ್ತಿದ್ದರು. ಕನ್ನಡದಲ್ಲಿ, ಹನ್ನೊಂದು ವರ್ಷದಿಂದ, ಹಾಳೆಯ ಒಂದೇ ಮಗ್ಗುಲಿಗೆ.

"ಹಿಂದನೂ ಬರದ್ರ ಮಸಿ ಈ ಕಡೆ ಮೂಡ್ತದ ನೋಡವಾ," ಎನ್ನುತ್ತಿದ್ದರು.

ಡಾಟ್‌ಕಾಂ ಕುಸಿದು, ನನ್ನ ಗಂಡನ ಕಂಪನಿ ಮುಚ್ಚಿ, ನಾವು ಅದೇ ರಾಜ್ಯದ ಇರ್ವಿಂಗ್ ಎಂಬ ಊರಿಗೆ ಶಿಫ್ಟ್ ಆದೆವು. ಹೊರಡುವ ದಿನ ಆಂಟಿ ಒಂದು ಬೂದು ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

"ಇರೋದು ಇದೊಂದ ಪ್ರತಿ. ಅಲ್ಲೆ ಕನ್ನಡದವರು ಭಾಳ ಇದ್ದಾರಂತ. ಇಬ್ಬರರೆ ಓದಿದ್ರ ಸಾಕು."

ಮೊದಲು ನಾನೇ ಓದುತ್ತೇನೆ ಎಂದೆ. ಓದಲಿಲ್ಲ. ಹೊಸ ಮನೆ, ಮಗನ ಸ್ಕೂಲು... ನೆಪಕ್ಕೇನು ಬರ? ಪೆಟ್ಟಿಗೆಯನ್ನು ಕನ್ನಡ ಕೂಟದ ಪುಸ್ತಕದ ಕಪಾಟಿನಲ್ಲಿಟ್ಟೆ. ಮೇಲೊಂದು ಚೀಟಿಯನ್ನೂ ಅಂಟಿಸದೆ ಕೈತೊಳೆದುಕೊಂಡೆ.

ಮುಂದಿನ ದಸರಾ ಹೊತ್ತಿಗೆ ಮಗ ಭಾನುವಾರದ ಕನ್ನಡ ಕ್ಲಾಸಿನಿಂದ ಅಂಬಾರಿ ಆನೆಯ ಚಿತ್ರ ಬರೆದು ತಂದ. ಹೆಮ್ಮೆಯಿಂದ ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ಟಿನಿಂದ ಸಿಕ್ಕಿಸಿದೆ. ಒಂದು ದಿನ ಅದು ಜಾರಿ ಮಗುಚಿ ಬಿತ್ತು. ಹಿಂದೆ ಆಂಟಿಯ ಅಕ್ಷರ.

ಕೂಟದ ಕಪಾಟಿಗೆ ಓಡಿದೆ. ಪೆಟ್ಟಿಗೆ ಬರಿದಾಗಿತ್ತು.

"ಒಂದ್ ಸೈಡ್ ಖಾಲಿ ಇತ್ತಲ್ವಾ, ರಫ್ ಪೇಪರ್ ಅಂದ್ಕೊಂಡ್ವಿ," ಎಂದರು ಕ್ಲಾಸು ತೆಗೆದುಕೊಳ್ಳುತ್ತಿದ್ದ ಅಂಕಲ್. ಮಕ್ಕಳು ಗೀಚಿ ಮುಗಿಸಿದ ಹಾಳೆಗಳೆಲ್ಲ ಎಂದೋ ಕಸದ ಬುಟ್ಟಿ ಸೇರಿದ್ದವಂತೆ. ಮಕ್ಕಳಿಗೆ ಕನ್ನಡ ಓದಲು ಕಲಿಸುವವರು! ಬಾಯಿಗೆ ಬಂದಂತೆ ಬೈದೆ. ಬೈಯಲು ನನಗೆ ಯಾವ ಯೋಗ್ಯತೆಯಿತ್ತು? ವರ್ಷವಿಡೀ ನಾನೂ ಒಂದು ಸಾಲು ಓದಿರಲಿಲ್ಲ.

ಅದೇ ವಾರ ಆಂಟಿ ಫೋನ್ ಮಾಡಿದರು. "ಯಾರರೆ ಓದಿದ್ರೇನವಾ?"

"ಓದ್ತಿದ್ದಾರೆ ಆಂಟಿ. ಎಲ್ಲರಿಗೂ ತುಂಬಾ ಹಿಡಿಸಿದೆ."

ಆಂಟಿ ಹೆದರಿಕೊಂಡವರಂತೆ ಕೇಳಿದರು: "ಕಡೀ ಭಾಗ... ಅದು ಸರಿ ಬಂದದೇನು?"

"ಕೊನೆಯಂತೂ ತುಂಬಾ ಚೆನ್ನಾಗಿದೆ," ಎಂದೆ.

ಮರುವರ್ಷ ಆಂಟಿ ತೀರಿಕೊಂಡರು, ಆ ಸುಳ್ಳನ್ನೇ ನಂಬಿಕೊಂಡು.

ಹೋದ ವರ್ಷ ಆಸ್ಟಿನ್ನಿಗೆ ಹೋಗಿ ಆ ಬ್ರಿಟಿಷನ ಪೆಟ್ಟಿಗೆ ತರಿಸಿಕೊಂಡು ನೋಡಿದೆ. ಫೋಲ್ಡರಿನ ಮೂಲೆಯಲ್ಲಿ ಆಂಟಿಯ ಪೆನ್ಸಿಲ್ ಸಂಖ್ಯೆ ಮಾಸಿಲ್ಲ. ಒಳಗೆ ಹಾಲಿನವನ ಚೀಟಿ ಒಂದು ಸುಕ್ಕೂ ಇಲ್ಲದೆ ಕ್ಷೇಮವಾಗಿದೆ.

ಆಂಟಿಯದೆಂದು ಉಳಿದಿರುವುದು ನನ್ನಲ್ಲಿರುವ ಆನೆಯ ಹಾಳೆ ಮಾತ್ರ. ಅದರ ಹಿಂದಿನ ಬರಹ ಈಗ ನನಗೆ ಬಾಯಿಪಾಠ. ಯಾರೋ ಬಾಗಿಲು ತಟ್ಟುತ್ತಾರೆ. ಒಬ್ಬ ಹೆಂಗಸು ಕೈಯೊರೆಸಿಕೊಂಡು ಏಳುತ್ತಾಳೆ, ಅಗುಳಿಗೆ ಕೈ ಹಾಕುತ್ತಾಳೆ... ಅಲ್ಲಿಗೆ ಹಾಳೆ ಮುಗಿಯುತ್ತದೆ. ಬಂದವರು ಯಾರೋ ನನಗೆ ಗೊತ್ತಿಲ್ಲ. ಕೊನೆ ಚೆನ್ನಾಗಿದೆ ಎಂದು ಹೇಳಿದವಳು ನಾನೇ.