ಟವೆಲ್ಲಿಗೆ ಪಾಳಿ ಇಲ್ಲ

ಕಂಟ್ರೋಲರ್ ಕಾಕಾ ಅವರ ಕೆಳದುಟಿಯ ನಡುವೆ ಸಣ್ಣದೊಂದು ತಗ್ಗು ಇತ್ತು. ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ಸೀಟಿ ಕಚ್ಚಿಕೊಂಡು ನಿಂತದ್ದರ ಗುರುತು ಅದು. ನಿವೃತ್ತಿಯಾಗಿ ಮಸ್ಕಿಯಲ್ಲಿ ನಮ್ಮ ಮನೆಯೆದುರು ಬಂದು ನೆಲೆಸಿದ ಮೇಲೂ ಆ ತಗ್ಗು ತುಂಬಲಿಲ್ಲ, ಮಂದಿಯ ಗುಂಪಿನ ಮೇಲೆ ಅವರಿಗಿದ್ದ ತಾತ್ಸಾರವೂ ಇಳಿಯಲಿಲ್ಲ.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲು, ಕರವಸ್ತ್ರ, ಒಮ್ಮೊಮ್ಮೆ ಕೂಸನ್ನೂ ತೂರಿಸಿ ಸೀಟು ಹಿಡಿಯುತ್ತಾರೆ. ಕಾಕಾ ಬಸ್ಸು ಹತ್ತಿ, ಕೂಸೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬುತ್ತಿದ್ದರು. "ಟವೆಲ್ಲಿಗೆ ಪಾಳಿ ಇಲ್ಲ. ನೀ ಬಂದು ನಿಂದರು" ಎನ್ನುವುದು ಅವರ ಮಾತು. ಪಾಳಿ ಎಂದರೆ ನಮ್ಮ ಕಡೆ ಸರದಿಯ ಸಾಲು. ಕಾಲೇಜಿಗೆ ಹೋಗುವಾಗ ನನ್ನ ಕರವಸ್ತ್ರವೂ ಆ ಚೀಲ ಸೇರಿತ್ತು. "ಓದಾಂವ ಕಾಣ್ತಿ. ಇದನ್ನೂ ಕಾಲೇಜಿನ್ಯಾಗ ಕಲಿಸ್ಯಾರೇನು?" ಎಂದು ಎಲ್ಲರೆದುರು ಕೇಳಿದ್ದರು.

ಓದು ಮುಗಿಸಿ ನಾನು ಸೇರಿದ್ದು ಸಿಂಧನೂರು ರಸ್ತೆಯ ಮೋಜಿನ ಪಾರ್ಕಿಗೆ, ಗೇಟು ಮತ್ತು ಜನರ ಉಸ್ತುವಾರಿಗೆ. ಮಾಲೀಕ ಹೋದ ವರ್ಷ ಅಲ್ಲಿ 'ಡೈನೋಸಾರ್ ಲೋಕ' ಕಟ್ಟಿಸಿದ. ಲೋಕವೆಂದರೆ ಇಷ್ಟೇ: ಬಣ್ಣ ಬಳಿದ ಫೈಬರ್ ಪ್ರಾಣಿಗಳು, ಹಿಟ್ಟಿನ ಗಿರಣಿಯಂತೆ ಗರಗರ ಅನ್ನುವ ಸ್ಪೀಕರು, ಸುತ್ತ ತಿರುಗುವ ಒಂದು ರೈಲು. ಇದಕ್ಕೆ ಜನ ತಿಂಗಳುಗಟ್ಟಲೆ ದಿನ ಎಣಿಸಿದರು. ಮೀಸೆ ಹೊತ್ತ ಗಂಡಸರು ಫೋನಿನ ಪ್ರೊಫೈಲಿನಿಂದ ತಮ್ಮ ಮುಖ ತೆಗೆದು ಡೈನೋಸಾರ್ ಮುಖ ಹಾಕಿಕೊಂಡರು. ಅದರಿಂದ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಪಾಮನಕಲ್ಲೂರಿನ ಒಬ್ಬನಂತೂ ದಿನಾ ಫೋನು ಮಾಡಿ, "ಮೊದಲನೇ ರೈಲಿನ್ಯಾಗ ನನ್ನ ಕುಂದ್ರಸ್ರಿ ಸಾಹೇಬ್ರ" ಎನ್ನುತ್ತಿದ್ದ. ಮೊದಲ ರೈಲಿಗೆ ಕಂಡದ್ದು ಎರಡನೆಯದಕ್ಕೆ ಕಾಣುವುದಿಲ್ಲವೇ? ನನಗೆ ಈ ಜನರ ಮೇಲೆ ಗೌರವವಿರಲಿಲ್ಲ, ಮಾಲೀಕನ ಮೇಲೂ ಇರಲಿಲ್ಲ. ಇದ್ದ ಗೌರವವೆಲ್ಲ ನನ್ನ ಮೇಲೆಯೇ ಇತ್ತು.

ಉದ್ಘಾಟನೆಯ ಹಿಂದಿನ ದಿನ ಕಾಕಾ ಬಂದು, ನಾನು ಕಬ್ಬಿಣದ ಸರಳು ನಿಲ್ಲಿಸಿ ಮಾಡಿದ ಅಂಕುಡೊಂಕು ಪಾಳಿಯ ದಾರಿಯಲ್ಲಿ ನಡೆದು ನೋಡಿದರು.

"ತಮ್ಮಾ, ಒಳಗ ಹೋಗಾಕ ದಾರಿ ಮಾಡೀದಿ. ನಡುವ ಯಾರಿಗರ ಸಾಕಾತಂದ್ರ ಹೊರಗ ಎಲ್ಲಿಂದ ಬರಬೇಕು?"

"ಇದು ಬಸ್‌ಸ್ಟ್ಯಾಂಡ್ ಅಲ್ರೀ ಕಾಕಾ" ಎಂದು ನಕ್ಕೆ.

"ಮಂದಿ ಅವರೇ ಅಲ್ಲೇನು?" ಎಂದು ಹೋದರು.

ಬೆಳಿಗ್ಗೆ ನೋಡಿದರೆ ಸರಳುಗಳ ತುಂಬ ಟವೆಲ್ಲುಗಳು. ಪಾಳಿ ಹಿಡಿದ ಧಣಿಗಳು ಬೇವಿನ ಮರದ ಕೆಳಗೆ ಮಂಡಕ್ಕಿ ತಿನ್ನುತ್ತ ಕುಳಿತಿದ್ದರು. ನಾನು ಒಂದನ್ನೂ ತೆಗೆಸಲಿಲ್ಲ. ಏಕೆಂದರೆ ಎಲ್ಲಕ್ಕಿಂತ ಮುಂದಿದ್ದ ಟವೆಲ್ಲು ನನ್ನದೇ. ಹೆಂಡತಿಗೂ ಮಗಳಿಗೂ ಮೊದಲ ರೈಲು ಸಿಗಲೆಂದು ನಾನೇ ಕಟ್ಟಿದ್ದೆ.

ಗೇಟು ತೆರೆಯುವ ಗಂಟೆ ಬಾರಿಸಿದ್ದೇ ತಡ, ಮರದಡಿಯವರು ತಮ್ಮ ತಮ್ಮ ಟವೆಲ್ಲಿನತ್ತ ನುಗ್ಗಿದರು. ಮುಕ್ಕುಂದದಿಂದ ಟ್ರ್ಯಾಕ್ಟರಿನಲ್ಲಿ ಬಂದು ನಸುಕಿನಿಂದ ಕಾಲು ನೋಯಿಸಿಕೊಂಡು ನಿಂತವರು ಜಾಗ ಬಿಡಲಿಲ್ಲ. ಹಿಂದಿನವರು ಕಣ್ಣುಮುಚ್ಚಿ ತಳ್ಳಿದರು. ಗೇಟು ಇನ್ನೂ ಮುಚ್ಚಿತ್ತು. ಎಲ್ಲರಿಗಿಂತ ಮುಂದಿದ್ದ ನನ್ನ ಆರು ವರ್ಷದ ಮಗಳ ಮುಖ ಸರಳಿಗೆ ಒತ್ತಿಕೊಂಡಿತ್ತು, ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಅವಳ ತಾಯಿಗೆ ಕೈಯೆತ್ತಲೂ ಜಾಗವಿರಲಿಲ್ಲ. "ತಳ್ಳಬ್ಯಾಡ್ರಿ" ಎಂದು ಮೈಕಿನಲ್ಲಿ ಕಿರುಚಿದೆ. ಪಕ್ಕದಲ್ಲಿದ್ದ ಮಾಲೀಕ, "ಇರ್ಲಿ ಬಿಡು, ವಿಡಿಯೋದಾಗ ಗದ್ಲ ಚಲೋ ಕಾಣ್ತೈತಿ" ಎಂದ.

ಕಾಕಾ ಎಲ್ಲಿದ್ದರೋ, ಬಂದು ಮೈಕು ಕಸಿದುಕೊಂಡರು. "ಹಿಂದ ಇನ್ನೊಂದು ರೈಲು ಖಾಲಿ ನಿಂತೈತ್ರಿ! ಗಾಡಿ ನಿಲ್ಲಿಸೋ ಬಯಲಾಗ! ಮೊದಲು ಅದ ಬಿಡತೈತಿ!"

ಒಂದೇ ಬಸ್ಸಿಗೆ ಮಂದಿ ಮುತ್ತಿದಾಗಲೆಲ್ಲ ಅವರು ಹೀಗೆಯೇ ಹಿಂದಿನ ಖಾಲಿ ಬಸ್ಸು ತೋರಿಸುತ್ತಿದ್ದರಂತೆ. ಹಿಂದಿನ ಅರ್ಧ ಗುಂಪು ತಿರುಗಿ ಓಡಿತು. ಮುಂದಿನವರಿಗೆ ಉಸಿರು ಬಂತು. ನಾನು ಮಗಳನ್ನು ಸರಳಿನ ಮೇಲಿಂದ ಎತ್ತಿಕೊಂಡೆ.

ಬಯಲಿನಲ್ಲಿ ಟ್ರ್ಯಾಕ್ಟರುಗಳ ಹೊರತು ಏನೂ ಇರಲಿಲ್ಲ. ಓಡಿದವರು ವಾಪಸು ಬಂದು ಕಾಕಾ ಅವರ ಅಂಗಿ ಹಿಡಿದು ಜಗ್ಗಿದರು. "ಯಾವನಲೇ ಈ ಸುಳ್ಳ ಮುದುಕ? ಹೊರಗ ಹಾಕ್ರಿ" ಎಂದ ಮಾಲೀಕ. ನಾನೊಂದು ಮಾತಾಡಬಹುದಿತ್ತು. ಮಾತಾಡಿದರೆ ಎಲ್ಲಕ್ಕಿಂತ ಮುಂದಿದ್ದ ಟವೆಲ್ಲು ಯಾರದೆಂಬುದೂ ಹೊರಬೀಳುತ್ತಿತ್ತು. ಸುಮ್ಮನೆ ನಿಂತೆ. ಗಾರ್ಡು ರಟ್ಟೆ ಹಿಡಿದು ಎಳೆಯುವಾಗ ಕಾಕಾ ನನಗೆ ಹೇಳಿದ್ದು ಇಷ್ಟೇ: "ಕೂಸಿಗೆ ನೀರು ಕುಡಸು."

ವಾರದ ಮೇಲೆ ಮಾಲೀಕ, ಗದ್ದಲದಲ್ಲಿ ಯಾರಿಗೂ ಪೆಟ್ಟಾಗದಂತೆ ನೋಡಿಕೊಂಡೆನೆಂದು, ನನ್ನ ಸಮಯಪ್ರಜ್ಞೆಗೆ ಶಾಲು ಹೊದಿಸಿದ. ಹೊದಿಸಿಕೊಂಡೆ. ಅವತ್ತು ನನಗಿಂತ ಹೇಸಿಗೆಯ ಪ್ರಾಣಿ ಆ ಲೋಕದಲ್ಲಿ ಇನ್ನೊಂದಿರಲಿಲ್ಲ. ಚಹಾದಂಗಡಿಯಲ್ಲಿ ಜನ ಕಾಕಾ ಅವರನ್ನು "ಎರಡನೇ ರೈಲು ಬಂತು" ಎಂದು ಹಂಗಿಸಿ ನಗುತ್ತಿದ್ದರು. ಅವರು ಚಹಾ ಕುಡಿದು ಎದ್ದುಹೋಗುತ್ತಿದ್ದರು.

ಈ ಬೇಸಿಗೆಯಲ್ಲಿ ತೀರಿಕೊಂಡರು. ಪದ್ಧತಿಯಂತೆ ಶವವನ್ನು ಅಂಗಳದಲ್ಲಿ ಕೂರಿಸಿದ್ದರು, ಓಣಿಯವರೆಲ್ಲ ನೆರೆದಿದ್ದರು. ಅವರ ಹೆಂಡತಿ, ನಾನು ಚಿಗವ್ವ ಎನ್ನುತ್ತಿದ್ದವರು, ನನ್ನನ್ನು ಹತ್ತಿರ ಕರೆದರು.

"ತಮ್ಮಾ, ನೀ ಅವತ್ತು ಅಲ್ಲೇ ಇದ್ದಿ. ಇವ್ರು ಮಂದಿಗೆ ಸುಳ್ಳು ಹೇಳಿದ್ದು ಖರೇನ? ನಾ ಕೇಳಿದ್ರ ನಕ್ಕು ಸುಮ್ಮಕಾಗತಿದ್ರು."

"ಖರೇ ಐತಿ ಚಿಗವ್ವ. ನನ್ನ ತಪ್ಪಿಗೆ ನನ್ನ ಮಗಳು ಸಾಯಾಕತ್ತಿದ್ಲು. ಆಕೀನ ಉಳಸಾಕ ಹೇಳಿದ್ರು" ಎಂದೆ, ಎಲ್ಲರಿಗೂ ಕೇಳುವಂತೆ.

ಚಿಗವ್ವ ಗಂಡನ ಮುಖ ನೋಡಿದರು, ಆಮೇಲೆ ನನ್ನನ್ನು. "ಇಷ್ಟು ಜೋರಾಗಿ ಹೇಳಾಕ ಬರ್ತಿತ್ತಲ್ಲೋ ನಿನಗ. ಅವ್ರ ಕಿವಿ ಕೇಳೋವಾಗ ಹೇಳಬಾರದಾಗಿತ್ತೇನು?"