ಒಂದು ಸಲ ತಟ್ಟಿದರೆ ಹೌದು

ದೇವರ ಮುಂದೆ ಅಡ್ಡಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಡ್ಡಬಿದ್ದು ಹಾಗೇ ನಿದ್ದೆ ಹೋದವರೆಂದರೆ ನಮ್ಮ ಲಿಫ್ಟಣ್ಣ ಒಬ್ಬರೇ.

ಅದು ಅವರು ಡೀಕನ್ ಆಗುತ್ತಿದ್ದ ದಿನ. ಡೀಕನ್ ಅಂದರೆ ಫಾದರ್ ಅಲ್ಲ, ಫಾದರ್‌ಗೆ ಹೆಗಲು ಕೊಡುವ ಸಭಾಸೇವಕ. ಹೆಂಡತಿ, ಮಕ್ಕಳು, ಹೊಟ್ಟೆಪಾಡಿನ ಕೆಲಸ ಎಲ್ಲ ಇಟ್ಟುಕೊಂಡೇ ಬಲಿಪೀಠದ ಪಕ್ಕ ನಿಲ್ಲಬಹುದು, ಮಗುವಿಗೆ ಜ್ಞಾನಸ್ನಾನ ಮಾಡಿಸಬಹುದು, ಸತ್ತವರಿಗೆ ಕೊನೆಯ ಪ್ರಾರ್ಥನೆ ಹೇಳಿ ಮಣ್ಣು ಮಾಡಿಸಬಹುದು. ಆ ದೀಕ್ಷೆ ಸಿಗುವ ಮೊದಲು ನೆಲದ ಮೇಲೆ ಬೋರಲಾಗಿ ಮಲಗಬೇಕು. ಹಾಡುವವರು ಸಂತರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಸಂತರೇನು ಕಡಿಮೆಯೇ? ಕಾನ್ವೆಂಟಿನಲ್ಲಿ ಓದಿದ ನನಗೆ ಆ ಪಟ್ಟಿಯ ಮಹಿಮೆ ಚಿಕ್ಕಂದಿನಿಂದ ಗೊತ್ತು. ಅರ್ಧ ಸಂತರು ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನವರೆಲ್ಲ ಶಾಂತರಾಗಿರುತ್ತಿದ್ದೆವು.

ಹಾಡು ಮುಗಿಯಿತು. ಬಿಷಪ್ ಕಾದರು. ಲಿಫ್ಟಣ್ಣ ಏಳಲಿಲ್ಲ. ಎಂಥ ಭಕ್ತಿ ಎಂದು ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಗೊರಕೆ ಕೇಳಿಸಿತು. ಹಳೆಯ ಕಾಲದ ಎತ್ತರದ ಚಾವಣಿ. ಪಿಸುಮಾತೂ ಕೊನೆಯ ಬೆಂಚಿಗೆ ಮುಟ್ಟುತ್ತದೆ, ಇನ್ನು ಗೊರಕೆಯ ಪಾಡೇನು. ಬಿಷಪ್ ಫಾದರ್‌ ಮುಖ ನೋಡಿದರು, ಫಾದರ್ ಚಾವಣಿ ನೋಡಿದರು. ಆಗ ಮೊದಲ ಬೆಂಚಿನಿಂದ ಲಿಫ್ಟಣ್ಣನ ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತಿಗೆ, ಎದ್ದು ಹೋದರು. ಮಂಡಿಯೂರಿ ಗಂಡನ ಕಿವಿಯ ಪಕ್ಕದ ನೆಲವನ್ನು ಬೆರಳ ಗೆಣ್ಣಿನಿಂದ ಒಂದೇ ಒಂದು ಸಲ ತಟ್ಟಿದರು.

"ಇಲ್ಲೇ ಇದೀನಿ, ಹೆದರ್ಕೋಬೇಡಿ" ಎನ್ನುತ್ತ ಲಿಫ್ಟಣ್ಣ ಧಡಕ್ಕನೆ ಎದ್ದು ಕೂತರು. ಹೆದರಿದ್ದು ಬಿಷಪ್ ಒಬ್ಬರೇ.

ತಪ್ಪು ಅವರದಲ್ಲ. ಬೆಳಕು ಹರಿಯುವ ಮೊದಲೇ ಆಸ್ಪತ್ರೆಯ ಲಿಫ್ಟು ಒಬ್ಬ ರೋಗಿಯನ್ನೂ ಸ್ಟ್ರೆಚರ್ ತಳ್ಳುವವನನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಿಂತುಬಿಟ್ಟಿತ್ತು. ಅವರಿಬ್ಬರನ್ನು ಇಳಿಸಿ, ಮೊಣಕೈಗೆ ಅಂಟಿದ ಗ್ರೀಸಿನ ಮೇಲೆಯೇ ಬಿಳಿ ನಿಲುವಂಗಿ ತೊಟ್ಟು ಬಂದಿದ್ದರು. ಆ ಕಲೆ ಇನ್ನೂ ಹೋಗಿಲ್ಲ. ಅಗಸನೂ ಕೈಚೆಲ್ಲಿದ್ದಾನೆ.

ಲಿಫ್ಟು ರಿಪೇರಿ ಅವರ ಕಸುಬು. ಜನರನ್ನು ಮೇಲೆ ಕಳಿಸುತ್ತಿದ್ದವನು ಈಗ ಮೇಲಿನವನ ಕೆಲಸಕ್ಕೇ ಸೇರಿಕೊಂಡ ಎಂದು ಅವರ ಕಂಪನಿಯವರು ಆಡಿಕೊಳ್ಳುತ್ತಾರೆ. ಆದರೆ ಅವರು ಹೆಸರು ಮಾಡಿದ್ದು ಸ್ಪ್ಯಾನರಿನಿಂದಲ್ಲ, ಬಾಯಿಂದ. ಲಿಫ್ಟು ನಡುದಾರಿಯಲ್ಲಿ ನಿಂತರೆ ಇಬ್ಬರು ಹೋಗುತ್ತಾರೆ. ಜೊತೆಗಾರ ಮಹಡಿಯ ತುದಿಯಲ್ಲಿರುವ ಮೋಟಾರು ಕೋಣೆಗೆ ಹತ್ತಿ ಚಕ್ರ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಬಾಗಿಲು ಕಾಯಬೇಕು. ಕಾಯುವುದೆಂದರೆ ಬೇರೆಯವರು ಬೀಡಿ ಸೇದುತ್ತಿದ್ದರು. ಲಿಫ್ಟಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಾಗಿಲ ಸಂದಿಗೆ ಬಾಯಿಟ್ಟು ಒಳಗಿನವರ ಜೊತೆ ಮಾತಿಗೆ ಕೂರುತ್ತಿದ್ದರು. ಊಟ ಆಯ್ತಾ, ಇವತ್ತು ಏನು ಕೆಲಸ ಕೆಟ್ಟಿತು, ಕಾಲಿಗೆ ಹಾಕಿರುವ ಚಪ್ಪಲಿ ಹೊಸದೋ ಹಳೆಯದೋ. "ಈಗ ಬಂತು, ಇನ್ನೊಂದೇ ನಿಮಿಷ" ಎಂದು ಮಾತ್ರ ಯಾರಿಗೂ ಹೇಳಿದವರಲ್ಲ. ಕತ್ತಲಲ್ಲಿ ನಿಂತವನಿಗೆ ಸುಳ್ಳು ನಿಮಿಷ ಕೊಟ್ಟರೆ ಆಮೇಲೆ ನಿಜವಾದ ನಿಮಿಷವನ್ನೂ ಅವನು ನಂಬುವುದಿಲ್ಲ ಎನ್ನುವುದು ಅವರ ಲೆಕ್ಕ. ಭಯಕ್ಕೆ ಕೆಲವರ ಗಂಟಲು ಕಟ್ಟಿಹೋಗುತ್ತದೆ. ಅಂಥವರಿಗೆ ಬಾಗಿಲು ತಟ್ಟುವ ಪಾಠ: ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ.

ಇದೆಲ್ಲ ಊರಿಗೆ ಉಪಕಾರ. ಮನೆಗೆ? ಅತ್ತಿಗೆ ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನ್ ಕೆಲಸದಲ್ಲಿದ್ದರು. ದಿನವಿಡೀ ಬೇರೆಯವರಿಗೆ "ಸ್ವಲ್ಪ ಕಾಯಿರಿ" ಎಂದು ಹೇಳುವುದು, ಸಂಜೆ ಮನೆಗೆ ಬಂದು ತಾವು ಕಾಯುವುದು. ಮಗಳು ಹುಟ್ಟಿದಾಗ ಅಪ್ಪ ಯಾವುದೋ ಬ್ಯಾಂಕಿನ ಲಿಫ್ಟಿನ ಅಡಿಯ ಗುಂಡಿಗಿಳಿದು ಕೂತಿದ್ದರು. ಅದೇ ಮಗಳಿಗೆ ಶಾಲೆಯಲ್ಲಿ ಅಪ್ಪನ ಚಿತ್ರ ಬರೆ ಎಂದಾಗ ಎರಡು ಬೂಟುಗಳನ್ನು ಬರೆದು ಕೊಟ್ಟಳು. ಟೀಚರ್ ಕೇಳಿದ್ದಕ್ಕೆ, ಉಳಿದ ಅಪ್ಪ ಗುಂಡಿಯೊಳಗಿದ್ದಾನೆ ಎಂದಳಂತೆ.

ಬಿಡುವಾದಾಗಲಾದರೂ ಮನೆಯಲ್ಲಿರುತ್ತಿದ್ದರೇ ಎಂದರೆ ಅದೂ ಇಲ್ಲ. ಲಿಫ್ಟು ಕೆಟ್ಟು ತಿಂಗಳುಗಟ್ಟಲೆ ಹಾಗೇ ಬಿದ್ದಿರುವ ಕಟ್ಟಡಗಳಲ್ಲಿ ಮೇಲಿನ ಮಹಡಿಯ ಮುದುಕರು ಬೀದಿಯನ್ನೇ ನೋಡದೆ ಕೂತಿರುತ್ತಾರೆ. ಲಿಫ್ಟಣ್ಣ ನಾಲ್ಕು ಗಟ್ಟಿ ಆಳುಗಳನ್ನು ಸೇರಿಸಿ, ಒಂದು ಕುರ್ಚಿಗೆ ಎರಡು ಕೊಳವೆ ಕಟ್ಟಿ, ಅವರನ್ನು ಮದುಮಕ್ಕಳಂತೆ ಹೊತ್ತು ಕೆಳಗಿಳಿಸಿ ಡಾಕ್ಟರ ಹತ್ತಿರವೋ ಚರ್ಚಿಗೋ ಕರೆದೊಯ್ಯುತ್ತಿದ್ದರು. ಚರ್ಚಿಗೆ ಬೇಡ, ಸುಮ್ಮನೆ ಅಂಗಡಿ ಬೀದಿ ನೋಡಬೇಕು ಎಂದವರನ್ನು ಅಂಗಡಿ ಬೀದಿಗೆ.

ಹಾಗೆ ಹೊತ್ತು ತಿರುಗಿಸಿದ ಒಬ್ಬ ಅಜ್ಜಿ ತೀರಿಕೊಂಡರು. ಹಿಂದೆ ಮುಂದೆ ಯಾರೂ ಇಲ್ಲ. ನಮ್ಮ ಫಾದರ್ ಊರಲ್ಲಿರಲಿಲ್ಲ. ಬೇರೆ ಕಡೆಯಿಂದ ಬಂದ ಫಾದರ್ ಅವಸರದಲ್ಲಿ ಅಜ್ಜಿಯ ಹೆಸರನ್ನೇ ತಪ್ಪು ಹೇಳಿ ಮಣ್ಣು ಮಾಡಿಸಿದರು. ಲಿಫ್ಟಣ್ಣ ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ಕೊನೆಯಲ್ಲಿ ಹೆಸರಾದರೂ ಸರಿಯಾಗಿ ಕರೆಯುವವರು ಒಬ್ಬರು ಬೇಕು, ನಾನು ಡೀಕನ್ ಆಗಲಾ ಎಂದು ಹೆಂಡತಿಯನ್ನು ಕೇಳಿದರು.

ಕೇಳಲೇಬೇಕಿತ್ತು. ಮದುವೆಯಾದ ಗಂಡಸು ಡೀಕನ್ ಆಗಬೇಕಾದರೆ ಹೆಂಡತಿ ಒಪ್ಪಬೇಕು. ಬಿಷಪ್ ಒಪ್ಪಿದರೂ, ಸಾಕ್ಷಾತ್ ದೇವರೇ ಒಪ್ಪಿದರೂ, ಮನೆಯಾಕೆ ಹೂಂ ಅನ್ನದೆ ಹುಲ್ಲುಕಡ್ಡಿಯೂ ಅಲ್ಲಾಡದು. ಇಷ್ಟು ಲೋಕಜ್ಞಾನವುಳ್ಳ ನಿಯಮ ಚರ್ಚಿನಲ್ಲಿದೆ ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಹೇಳಿಕೊಟ್ಟಿರಲಿಲ್ಲ. ಫಾದರ್ ಮನೆಗೇ ಬಂದು ಚಹಾ ಕುಡಿದು ವಿವರಿಸಿದರು. ಹೆಂಡತಿ ಮೊದಲು ತೀರಿಕೊಂಡರೆ ಡೀಕನ್ ಮತ್ತೆ ಮದುವೆಯಾಗುವಂತಿಲ್ಲ ಎಂದಾಗ ಮಾತ್ರ ಅತ್ತಿಗೆ ತಲೆಯೆತ್ತಿ, ಅದೊಂದು ಒಳ್ಳೆಯ ವ್ಯವಸ್ಥೆ ಎಂದರಂತೆ. ಆಮೇಲೆ ಬಾಗಿಲ ಬಳಿಯ ಬೂಟುಗಳನ್ನು ತೋರಿಸಿದರು.

"ಫಾದರ್, ಇವರನ್ನ ಊರಿನ ಲಿಫ್ಟುಗಳ ಜೊತೆ ಹಂಚ್ಕೊಂಡು ಬಾಳ್ತಾ ಇದೀನಿ. ಉಳಿದಿರೋ ಚೂರನ್ನೂ ನೀವು ತಗೊಂಡ್ರೆ ನನ್ನ ಪಾಲಿಗೆ ಅವೆರಡೇ."

ಫಾದರ್ ಖಾಲಿ ಲೋಟ ಕೆಳಗಿಟ್ಟು ಎದ್ದರು. ಲಿಫ್ಟಣ್ಣ ಮತ್ತೆ ಆ ಮಾತೆತ್ತಲಿಲ್ಲ. ಮುನಿಸಿಲ್ಲ, ಮೌನವ್ರತವಿಲ್ಲ, ಕುರ್ಚಿ ಹೊರುವುದು ಬಿಡಲಿಲ್ಲ. ಜಗಳವಾಡಿದ್ದರೆ ಗೆಲ್ಲಬಹುದಿತ್ತು, ಇವರು ಸುಮ್ಮನಿದ್ದು ನನ್ನ ನಿದ್ದೆ ಕೆಡಿಸಿದರು ಎಂದು ಅತ್ತಿಗೆ ಆಮೇಲೆ ನನಗೆ ಹೇಳಿದ್ದಾರೆ. ಮುಂದಿನ ಕಥೆ ಹೇಳಿದ್ದೂ ಅವರೇ.

ಹೀಗೇ ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ಅತ್ತಿಗೆ ಒಬ್ಬರೇ. ಗಂಟೆ ಒತ್ತಿ, ಕೂಗಿ, ಬೆವತು, ಕೊನೆಗೆ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಕೆಳಗಿನ ಬಾಗಿಲ ಸಂದಿಯಿಂದ ದನಿ ಬಂತು. ಹೆದರ್ಕೋಬೇಡಿ, ನಾನು ಇಲ್ಲೇ ಕೂತಿರ್ತೀನಿ, ಎಷ್ಟು ಹೊತ್ತಾಗುತ್ತೆ ಗೊತ್ತಿಲ್ಲ, ಮಾತಾಡಕ್ಕಾಗದಿದ್ರೆ ತಟ್ಟಿ, ಒಂದು ಸಲ ತಟ್ಟಿದರೆ ಹೌದು. ಗಂಡನ ದನಿ! "ರೀ" ಅನ್ನಲು ಬಾಯಿ ತೆರೆದವರು ಮುಚ್ಚಿಕೊಂಡರು. ಊರಿನ ಜನಕ್ಕೆಲ್ಲ ಗೊತ್ತಿದ್ದ ಈ ಮನುಷ್ಯ ಹೇಗಿರುತ್ತಾನೆ, ನೋಡೇಬಿಡೋಣ ಎನಿಸಿತಂತೆ. ಒಂದು ಸಲ ತಟ್ಟಿದರು.

ಉಸಿರಾಟ ಸರಿಯಾಗಿದೆಯಾ? ಒಂದು. ಬೆಳಕಿದೆಯಾ? ಒಂದು. ಚಪ್ಪಲಿ ಹೊಸದಾ? ಎರಡು. ಮನೆಯಲ್ಲಿ ಯಾರಾದರೂ ಕಾಯ್ತಿರ್ತಾರಾ? ಅತ್ತಿಗೆ ಸ್ವಲ್ಪ ಯೋಚಿಸಿ, ಗಟ್ಟಿಯಾಗಿ ಎರಡು ಸಲ ತಟ್ಟಿದರು.

ಹೊರಗೆ ಬೂಟು ಸರಿದ ಸದ್ದಾಯಿತು. ಆಮೇಲೆ ದನಿ ಇನ್ನೂ ತಗ್ಗಿತು.

"ಅದು ಕಷ್ಟ. ನನಗೆ ಆ ಕಷ್ಟ ಗೊತ್ತಿಲ್ಲ ನೋಡಿ. ನಮ್ಮನೇಲಿ ಒಬ್ಬಳು ಕಾಯ್ತಾಳೆ. ತಟ್ಟೆ ಮುಚ್ಚಿಟ್ಟು, ಬೈಕೊಂಡು ಕಾಯ್ತಾಳೆ. ಅವಳು ಅಲ್ಲಿದಾಳೆ ಅಂತಾನೇ ನಾನು ಇಲ್ಲಿ ಇಷ್ಟು ನಿಶ್ಚಿಂತೆಯಾಗಿ ಕೂತ್ಕೊಳ್ಳೋದು. ಅವಳಿಗೆ ಇದನ್ನ ಹೇಳಿಲ್ಲ. ಹೇಳಕ್ಕೆ ಮನೇಲಿರಬೇಕಲ್ಲ."

ಇದರಲ್ಲಿ ಪ್ರಶ್ನೆಯೇ ಇರಲಿಲ್ಲ. ಆದರೂ ಒಳಗಿನಿಂದ ಒಂದು ಸಲ ತಟ್ಟಿದ್ದು ಕೇಳಿತು.

ಕೊನೆಗೂ ಲಿಫ್ಟು ಕೆಳಗಿಳಿದು, ಬಾಗಿಲು ತೆರೆದು, ಎದುರಿಗೆ ಹೆಂಡತಿಯನ್ನು ಕಂಡ ಲಿಫ್ಟಣ್ಣ ಬಗ್ಗಿ ಅವರ ಹಳೆಯ ಚಪ್ಪಲಿ ನೋಡಿದರು. ಅತ್ತಿಗೆ ಬಟ್ಟೆಯ ಧೂಳು ಕೊಡವಿಕೊಂಡರು.

"ಫಾದರ್‌ಗೆ ಫೋನ್ ಮಾಡಿ. ನಾನು ಒಪ್ಪಿದೀನಿ ಅಂತ ಹೇಳಿ. ಊಟಕ್ಕೆ ಬೇಗ ಬನ್ನಿ" ಎಂದು ಹೇಳಿ, ಹಿಂದೆ ನೋಡದೆ ಮೆಟ್ಟಿಲು ಹತ್ತಿ ಕೆಲಸಕ್ಕೆ ಹೋದರು.

ಆಮೇಲೆ ಕೆಲವು ವರ್ಷ ಕಲಿಕೆ, ಕೊನೆಗೆ ಆ ಗೊರಕೆಯ ದೀಕ್ಷೆ; ಈಗ ಲಿಫ್ಟಣ್ಣ ಡೀಕನ್. ಚರ್ಚಿನಲ್ಲಿ ಅವರ ಪ್ರವಚನಗಳು ಬಲು ಚಿಕ್ಕವು, ಮಹಡಿ ಬರುವಷ್ಟರಲ್ಲಿ ಮುಗಿಯುತ್ತವೆ. ಮಣ್ಣು ಮಾಡುವ ದಿನ ಸತ್ತವರ ಹೆಸರನ್ನು ಮನೆಯವರ ಬಾಯಿಂದ ಎರಡೆರಡು ಸಲ ಹೇಳಿಸಿಕೊಂಡೇ ಹೊರಡುತ್ತಾರೆ. ಪಾರ್ಶ್ವವಾಯು ಬಡಿದು ಮಾತು ಹೋದ ಒಬ್ಬ ಮೇಷ್ಟರ ಸುತ್ತ ಬಂಧುಬಳಗವೆಲ್ಲ ನಿಂತು, ಕಿವಿ ಕೇಳದವರಿಗೆ ಕೂಗುವಂತೆ ಕೂಗುತ್ತಿದ್ದಾಗ, ಇವರು ಅವರ ಬೆರಳನ್ನು ಮಂಚದ ಕಂಬಿಯ ಮೇಲಿಟ್ಟು ತಟ್ಟುವ ಪಾಠ ಹೇಳಿಕೊಟ್ಟರು. ಮೊದಲು ಕೇಳಿದ್ದೇ, ಈ ಜನ ಸಾಕಾಯ್ತಾ ಎಂದು. ಮೇಷ್ಟರು ಒಂದು ಸಲ ತಟ್ಟಿದರು. ಕೋಣೆ ಖಾಲಿಯಾಯಿತು. ಆಮೇಲೆ ಅವರಿಬ್ಬರೇ ಸಂಜೆಯವರೆಗೆ ಮಾತಾಡಿದರು. ಅದನ್ನು ಮಾತು ಎನ್ನದೆ ಇನ್ನೇನೆನ್ನಬೇಕೋ ನನಗೆ ಗೊತ್ತಿಲ್ಲ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಲಿಫ್ಟಣ್ಣ ಮನೆಯಲ್ಲೇ ಇದ್ದರು. ಈಗೀಗ ವಾರಕ್ಕೆರಡು ಸಂಜೆ ಫೋನನ್ನು ಜೊತೆಗಾರನ ಕೈಗೆ ಕೊಟ್ಟು ಬರುತ್ತಾರೆ. ಬೂಟುಗಳು ಬಾಗಿಲಲ್ಲಿ, ಉಳಿದ ಅಪ್ಪ ಕುರ್ಚಿಯಲ್ಲಿ. ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದರು. ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟೆ.

"ಅಣ್ಣಾ, ನಿಜ ಹೇಳಿ. ಅತ್ತಿಗೆ ಕೆಲಸ ಮಾಡೋ ಕಟ್ಟಡ, ಒಳಗಿರೋರು ಬಾಯೇ ಬಿಡ್ತಿಲ್ಲ. ಅವರೇ ಅಂತ ನಿಮ್ಮ ಮನಸ್ಸಿಗೆ ಒಂದು ಚೂರಾದ್ರೂ ತಿಳಿದಿತ್ತು ಅಲ್ವಾ?"

ಅಡುಗೆಮನೆಯ ಪಾತ್ರೆಗಳು ಸುಮ್ಮನಾದವು. ಲಿಫ್ಟಣ್ಣ ನನ್ನನ್ನು ಅಚ್ಚರಿಯಿಂದ ನೋಡಿದರು.

"ಎಲ್ಲಿಂದ ತಿಳಿಯುತ್ತೆ? ಆ ಲಿಫ್ಟು ಸರಿಯಿಲ್ಲ, ಮೆಟ್ಟಿಲು ಹತ್ತಿ ಹೋಗು ಅಂತ ಬೆಳಿಗ್ಗೇನೇ ಹೇಳಿದ್ದೆ. ಒಳಗಿರೋದು ಅವಳು ಅಂತ ಗೊತ್ತಾಗಿದ್ರೆ ಬಾಗಿಲು ತೆಗೆಯೋವರೆಗೂ ಬೈದಿರ್ತಿದ್ದೆ."