ಈ ಲಿಂಕನ್ನು ಯಾರೂ ಒತ್ತಬೇಡಿ

ಮಗಳು ಏನು ಕೆಲಸ ಮಾಡುತ್ತಾಳೆ ಎಂದು ನೆಂಟರು ಕೇಳಿದರೆ ‘ಕಂಪ್ಯೂಟರಿನಾಗ ಚೆಕಿಂಗ್ ಕೆಲಸರಿ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಸುಳ್ಳೇನಲ್ಲ. ಯಾವುದರ ಚೆಕಿಂಗ್ ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಿದ್ದೆ.

ಆನ್‌ಲೈನ್ ಜೂಜಿನ ಮೇಲೆ ಹೊಸ ಕಾನೂನು ಬಂದು ಅಂಥ ಆಫೀಸುಗಳ ಶಟರ್ ಇಳಿಯುವ ಮುಂಚಿನ ಮಾತಿದು. ಸಂಭಾಜಿನಗರದ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಪರದೇಶದ ಆನ್‌ಲೈನ್ ಕ್ಯಾಸಿನೊಗಳಿಗೆ ಗಿರಾಕಿಗಳನ್ನು ಕಳಿಸಿಕೊಡುವ ಏಜೆಂಟರು ಆ ಆಫೀಸಿನ ಕೈಕೆಳಗೆ ಇದ್ದರು. ಒಬ್ಬೊಬ್ಬ ಏಜೆಂಟನಿಗೆ ಒಂದೊಂದು ಲಿಂಕು. ಪ್ರತಿ ಲಿಂಕಿಗೂ ಅಕ್ಷರ, ಅಂಕಿ ಸೇರಿದ ಬೇರೆ ಬೇರೆ ಬಾಲ. ಲಿಂಕು ಒತ್ತಿ ಒಳಗೆ ಬಂದವನು ಯಾವ ಏಜೆಂಟನ ಕಡೆಯವನು ಎಂದು ಬಾಲ ನೋಡಿ ಹೇಳುವುದು ಮಗಳ ಕೆಲಸ. ಯಾವ ಊರಿನವನು, ಅವನ ಫೋನು ಯಾವ ಭಾಷೆಯಲ್ಲಿದೆ, ಬಂದದ್ದು ನಿಜವಾದ ಮನುಷ್ಯನೋ ಅಥವಾ ಏಜೆಂಟ ಹಚ್ಚಿಟ್ಟ ಮಶೀನೋ ಎಂಬುದನ್ನೂ ಅವಳೇ ಕಂಡುಹಿಡಿಯಬೇಕು. ಆರು ತಿಂಗಳಿಂದ ಹಂಗಾಮಿ. ಕೆಲಸ ಹೋದರೆ ಹೇಗೆ ಎಂಬುದು ನನ್ನ ಒಂದು ಚಿಂತೆ, ಕಾಯಂ ಆದರೆ ಹೇಗೆ ಎಂಬುದು ಇನ್ನೊಂದು. ಒಂದೇ ಸಲ ಎರಡೂ ಚಿಂತೆ ಮಾಡುವ ಶಕ್ತಿ ನನಗೆ ಹುಟ್ಟಿನಿಂದಲೇ ಬಂದಿದೆ.

ನಾನು ಬ್ಯಾಂಕಿನವನು. ವರ್ಗವಾಗಿ ನಾಸಿಕದ ಸಾತಪುರ ಶಾಖೆಯಲ್ಲಿದ್ದೆ, ಮನೆಮಂದಿ ಸಂಭಾಜಿನಗರದಲ್ಲೇ. ರಜೆಯ ಶನಿವಾರಗಳಲ್ಲಿ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆ, ರೂಮಿನ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ.

ಒಂದು ದಿನ ನಮ್ಮ ಸಿಂದಗಿ ಕಡೆಯ, ಗೋಡೆ ಕಟ್ಟುವ ಗೌಂಡಿಯೊಬ್ಬ ಪಾಸ್‌ಬುಕ್ ಜೊತೆಗೆ ಫೋನನ್ನೂ ಕೌಂಟರಿನೊಳಗೆ ಚಾಚಿದ. ಪರದೆಯ ಮೇಲೆ ಬಣ್ಣದ ಚಕ್ರ, ಪಕ್ಕದಲ್ಲೊಂದು ಮೋಟರ್‌ಸೈಕಲ್, ಕೆಳಗೊಂದು ಲಿಂಕು.

“ಸಾಹೇಬ್ರ, ಇದು ಖರೇ ಏನ್ರಿ? ಒತ್ತಿದ್ರ ಗಾಡಿ ಸಿಗತೈತಿ ಅಂತಾರ.”

“ಒತ್ತಿಗಿತ್ತೀಯಪ್ಪಾ! ಜೂಜದು. ಇದ್ದ ಸೈಕಲ್ಲೂ ಹೋಗತೈತಿ.”

“ಆತ್ರಿ. ನೀವು ಬ್ಯಾಡ ಅಂದ ಮ್ಯಾಲ ಮುಗೀತು.”

ಅಲ್ಲಿಗೇ ಮುಗಿಯಬೇಕಿತ್ತು. ನನ್ನ ಕೈ ಕೇಳಲಿಲ್ಲ. ಆ ಲಿಂಕನ್ನು ನನ್ನ ಫೋನಿಗೆ ಕಳಿಸಿಕೊಂಡು, ಊಟದ ಹೊತ್ತಿನಲ್ಲಿ ನಾಸಿಕದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಉದ್ದನೆಯ ಎಚ್ಚರಿಕೆ ಬರೆದೆ. ‘ಬಂಧುಗಳೇ, ಈ ಲಿಂಕನ್ನು ಯಾರೂ ಒತ್ತಬೇಡಿ’. ಯಾವ ಲಿಂಕು ಎಂದು ಯಾರಿಗೂ ಗೊಂದಲವಾಗಬಾರದಲ್ಲ, ಅದಕ್ಕೆ ಕೆಳಗೆ ಲಿಂಕನ್ನೇ ಅಂಟಿಸಿದೆ. ಕೆಳಗಿನದು ಕಾಣದಿದ್ದರೆ ಎಂಬ ಚಿಂತೆಯಿಂದ ಮೇಲೂ ಅಂಟಿಸಿದೆ. ಗುಂಪಿನಲ್ಲಿದ್ದ ನಾಸಿಕ್ ರೋಡ್ ಬಡಾವಣೆಯವರು ಅದನ್ನು ಸಂಭಾಜಿನಗರದ ಪಕ್ಕದ ವಾಳೂಜಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರ ಗುಂಪುಗಳಿಗೂ ದಾಟಿಸಿದರು. ಕೈಮುಗಿದ ಚಿತ್ರಗಳು ಬಂದವು. ಸಮಾಜಸೇವೆ ಮಾಡಿದ ಹುಮ್ಮಸ್ಸಿನಲ್ಲಿ ಆ ದಿನ ಒಂದು ಚಹಾ ಹೆಚ್ಚಿಗೆ ಕುಡಿದೆ.

ಶನಿವಾರ ಮನೆ ಮುಟ್ಟಿ ಅವಲಕ್ಕಿ ತಟ್ಟೆ ಹಿಡಿದು ಕೂತಿದ್ದೆ. ಮಗಳು ಲ್ಯಾಪ್‌ಟಾಪ್ ತಂದು ಎದುರಿಗಿಟ್ಟಳು.

“ಅಪ್ಪಾ, ಗಮ್ಮತ್ ನೋಡ್ರಿ. ಒಂದs ಲಿಂಕಿಗೆ ಇಷ್ಟ್ ಮಂದಿ! ಸಾತಪುರ, ನಾಸಿಕ್ ರೋಡ್, ವಾಳೂಜ್. ಮಶೀನ್ ಅಲ್ಲ, ಖರೇ ಮಂದಿ. ಊಟದ ಸುಟ್ಟಿಯೊಳಗ ಬರ್ತಾರ, ಅರ್ಧಾ ಮಿನಿಟ್ ನಿಂದರ್ತಾರ, ಹೊಳ್ಳಿ ಹೋಗ್ತಾರ. ಫೋನ್ ಎಲ್ಲಾ ಕನ್ನಡದಾಗ!”

ಅವರೆಲ್ಲ ಹೊಳ್ಳಿ ಹೋಗುವುದು ಪುಟ ಹಿಂದಿಯಲ್ಲಿದೆ ಎಂಬ ಕಾರಣಕ್ಕೆ ಎಂದು ಅವಳ ಸಾಹೇಬರು ತೀರ್ಮಾನಿಸಿದ್ದರು. ಸೋಮವಾರದೊಳಗೆ ಕನ್ನಡದ ಪುಟವೊಂದು ಬೇಕು. ಇಡೀ ಆಫೀಸಿಗೆ ಕನ್ನಡದವಳು ಇವಳೊಬ್ಬಳೇ. ಪುಟ ಕೊಟ್ಟರೆ ಅಂದೇ ಕಾಯಂ ಪತ್ರ.

“ನೀವು ಹೇಳ್ರಿ, ನಾ ಟೈಪ್ ಮಾಡ್ತೀನಿ,” ಎಂದಳು. ತಾಯಿಯ ಬೈಗುಳವೆಲ್ಲ ಕನ್ನಡದಲ್ಲಿ ಕೇಳಿ, ಉತ್ತರ ಮರಾಠಿಯಲ್ಲಿ ಕೊಟ್ಟು ಬೆಳೆದವಳು. ಭಾನುವಾರಗಳಂದು ಕಿವಿ ಹಿಂಡಿ ಅಕ್ಷರ ಕಲಿಸಿದ್ದೆ. ಆದರೂ ನನಗೆ ಮೆಸೇಜು ಹಾಕುತ್ತಿದ್ದುದು ಯಾವಾಗಲೂ ಇಂಗ್ಲಿಷ್ ಅಕ್ಷರದಲ್ಲೇ.

“ಬಾಲ ತೋರಿಸು,” ಎಂದೆ.

ತೋರಿಸಿದಳು. ಎರಡೆರಡು ಸಲ ಅಂಟಿಸಿದ ಬಾಲ ಮರೆಯುವುದುಂಟೆ? ತಟ್ಟೆ ಕೆಳಗಿಟ್ಟು ನನ್ನ ಫೋನು ತೆಗೆದುಕೊಟ್ಟೆ. ಎಚ್ಚರಿಕೆಯನ್ನು ಬೆರಳಿಟ್ಟು ಓದುತ್ತ ಹೋದವಳು ಕೊನೆ ಮುಟ್ಟುವ ಹೊತ್ತಿಗೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು.

“ಅಪ್ಪಾ, ನಮ್ಮ ಏಜೆಂಟ್ರೊಳಗ ನೀವs ನಂಬರ್ ಒನ್!”

“ಒತ್ತಬ್ಯಾಡ್ರಿ ಅನ್ನೂದು, ಒತ್ತೂದನ್ನ ಕೈಯಾಗ ಕೊಡೂದು,” ಎಂದು ಅಡುಗೆಮನೆಯಿಂದ ಹೆಂಡತಿ ಸೇರಿಸಿದಳು. “ಇಪ್ಪತ್ತಾರು ವರ್ಷದಿಂದ ಇದನ್ನs ನೋಡಾಕತ್ತೀನಿ.”

ಮಗಳ ನಗು ನಿಂತಿತು. “ಅಂದ್ರ ಇವರು ಆಡಾಕ ಬಂದವರಲ್ಲ, ಏನೈತಿ ಅಂತ ಇಣುಕಿ ಹೊಂಟವರು. ಕನ್ನಡದಾಗ ಬರದ್ರ ನಿಂದರ್ತಾರ.”

ನಾನು, ಮೂವತ್ತು ವರ್ಷ ಮೇಲಧಿಕಾರಿಗಳ ಮುಂದೆ ತಗ್ಗಿ ನಡೆದವನು, ನನಗೆ ತೋಚಿದ ದಾರಿ ಹೇಳಿದೆ. “ಕನ್ನಡ ಬರಿಯಾಕ ಬರೂದಿಲ್ಲ ಅಂದುಬಿಡು. ಅರ್ಧಾ ಖರೇನs ಐತಿ. ನೌಕರಿನೂ ಉಳೀತೈತಿ.”

ಮಶೀನೋ ಮನುಷ್ಯನೋ ಎಂದು ಪರೀಕ್ಷಿಸುವಂತೆ ನನ್ನನ್ನು ನೋಡಿದಳು. “ಕಲಿಸಿದವರು ನೀವು. ಬರೂದಿಲ್ಲ ಅನ್ನು ಅಂತ ಹೇಳವರೂ ನೀವೇನು?” ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಸೋಮವಾರ ಕೌಂಟರಿನಲ್ಲಿ ಕೂತಿದ್ದೆನೇ ಹೊರತು ಗಮನವೆಲ್ಲ ಮೇಜಿನ ಖಾನೆಯೊಳಗಿನ ಫೋನಿನ ಮೇಲೆ. ಒಬ್ಬ ಅಜ್ಜಿಯಿಂದ ಎರಡು ಸಲ ಸಹಿ ಮಾಡಿಸಿ ಬೈಸಿಕೊಂಡೆ. ಊಟದ ಹೊತ್ತಿಗೆ ಫೋನು ಗುಂಯ್‌ಗುಟ್ಟಿತು. ಮಗಳ ಮೆಸೇಜು, ಜೀವನದಲ್ಲಿ ಮೊದಲ ಸಲ ಕನ್ನಡ ಅಕ್ಷರದಲ್ಲಿ:

‘ಕನ್ನಡ ಬರಿಯಾಕ ಬರತೈತಿ ಏನು ಅಂತ ಸರ್ ಕೇಳಿದ್ರು. ಬರತೈತಿ, ಆದ್ರ ಇದನ್ನ ಬರಿಯೂದಿಲ್ಲ ಅಂದೆ. ಮಂದಿ ಎಲ್ಲಿಂದ ಬಂದ್ರು ಅನ್ನೂ ಕಾಲಮಿನಾಗ ಏಜೆಂಟನ ಹೆಸರು ತಗದು ನಮ್ಮಪ್ಪನ ಎಚ್ಚರಿಕೆ ಅಂತ ಹಾಕೀನಿ. ಕಾಯಂ ಇಲ್ಲ. ಡಬ್ಬಿ ತೊಗೊಂಡು ಮನಿಗೆ ಹೊಂಟೀನಿ.’

ಓದಿ ನನಗೆ ಮೊದಲು ಬಂದದ್ದು ಮುಂದಿನ ತಿಂಗಳ ಚಿಂತೆ. ಸುಳ್ಳು ಯಾಕೆ ಹೇಳಲಿ. ಇನ್ನೊಂದು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ. ಈಗ ಅವಳು ವಾಳೂಜಿನ ಒಂದು ಟ್ರಾನ್ಸ್‌ಪೋರ್ಟಿನಲ್ಲಿ, ಯಾವ ಲಾರಿ ಎಲ್ಲಿ ನಿಂತಿದೆ ಎಂದು ನೋಡುತ್ತಾಳೆ. ಸಂಬಳ ಕಡಿಮೆ. ನೆಂಟರು ಕೇಳುವ ಮುಂಚೆಯೇ ನಾನು ಎಲ್ಲವನ್ನೂ, ಹಳೆಯ ಕೆಲಸ ಹೋದ ಬಗೆಯನ್ನೂ, ಹೇಳಲು ಶುರು ಮಾಡುತ್ತೇನೆ. ಹೆಂಡತಿ ಕಣ್ಣಸನ್ನೆ ಮಾಡಿದರೂ ನಿಲ್ಲಿಸುವುದಿಲ್ಲ.

ಆ ಮೆಸೇಜು ಬಂದ ವಾರವೇ ಗೌಂಡಿ ಬ್ಯಾಂಕಿಗೆ ಬಂದಿದ್ದ. ಕೌಂಟರಿನಿಂದ ಎದ್ದು ಹೊರಗೆ ಬಂದು ಅವನಿಗೂ ಮೆಸೇಜು ತೋರಿಸಿದೆ, ಕಥೆ ಹೇಳಿದೆ. ಅವನು ಫೋನನ್ನು ದೂರ ಹಿಡಿದು ನಿಧಾನವಾಗಿ ಓದಿ ತಲೆ ಕೆರೆದುಕೊಂಡ.

“ಸಾಹೇಬ್ರ, ಬೈಯಬ್ಯಾಡ್ರಿ. ಅವತ್ತ ಹೊರಗ ಹೋದಾಂವ ನಾನೂ ಒತ್ತಿದ್ನಿ.”

“ಆಮ್ಯಾಲ?”

“ಹಿಂದಿ ಇತ್ರಿ. ತಿಳೀಲಿಲ್ಲ, ಬಿಟ್ಟೆ.” ಫೋನನ್ನು ಎರಡೂ ಕೈಯಿಂದ ಹಿಂತಿರುಗಿಸಿದ. “ಕನ್ನಡದಾಗ ಇದ್ದಿದ್ರ ಕುಂತು ಓದ್ತಿದ್ನಿ ನೋಡ್ರಿ.”